ಬೀದರ್ ಪ್ರವಾಸ ಮತ್ತು ಊರಿನ ದುಡಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ಕೆಲವನ್ನು ಹೈದರಾಬಾದ್, ಬೆಂಗಳೂರು, ಪುಣೆ ಕಡೆಯಿಂದ ಬರಬೇಕು ಅಂದುಕೊಂಡವರು ಕೇಳುತ್ತಾರೆ. ಇನ್ನು ಕೆಲವನ್ನು ಬೀದರ್‌ನಲ್ಲೇ ಇದ್ದು, ಬರುವವರನ್ನು ನಂಬಿ ಏನಾದರೂ ದುಡಿಮೆ ಶುರು ಮಾಡೋಣ ಅನ್ನುವವರು ಕೇಳುತ್ತಾರೆ. ಎರಡನ್ನೂ ಬೇಕೆಂದೇ ಒಟ್ಟಿಗೆ ಇಟ್ಟಿದ್ದೇವೆ. ಒಬ್ಬರ ಖರ್ಚು ಇನ್ನೊಬ್ಬರ ಸಂಪಾದನೆ, ಅಲ್ವಾ?

ಬೀದರ್ ನೋಡಲು ಒಂದು ದಿನ ಸಾಕಾ?

ಸಾಲುವುದಿಲ್ಲ. ಹೈದರಾಬಾದ್ ಸುಮಾರು 140 ಕಿ.ಮೀ. ದೂರ. ಜಹೀರಾಬಾದ್ ತನಕ ದೊಡ್ಡ ಹೆದ್ದಾರಿ ಇದೆ, ಅಲ್ಲಿಂದ ತಿರುಗಿದರೆ ಬೀದರ್. ದಾರಿ ಇಷ್ಟು ಸುಲಭ ಇರುವುದರಿಂದ ಬೆಳಿಗ್ಗೆ ಹೊರಟು, ಕೋಟೆ ಸುತ್ತಿ, ಗುರುದ್ವಾರದಲ್ಲಿ ತಲೆಬಾಗಿ, ರಾತ್ರಿ ಊಟಕ್ಕೆ ಮನೆ ಸೇರುವವರೇ ಜಾಸ್ತಿ. ಇದರಿಂದ ಬಂದವರಿಗೂ ನಷ್ಟ, ಊರಿಗೂ ನಷ್ಟ. ಕೋಟೆಯೊಂದಕ್ಕೇ ಅರ್ಧ ದಿನ ಬೇಕು. ಉಳಿದದ್ದನ್ನು ಅವರು ಕಾರಿನ ಕಿಟಕಿಯಿಂದ ನೋಡಿ ಹೋಗುತ್ತಾರೆ.

ಒಂದು ರಾತ್ರಿ ಉಳಿಯಿರಿ. ಮೊದಲ ದಿನ ಬೆಳಿಗ್ಗೆ ಕೋಟೆ, ಮಧ್ಯಾಹ್ನದ ಮೇಲೆ ಮದರಸಾ ಮತ್ತು ಹಳೆ ಊರಿನ ನಡುವಿನ ಗೋಪುರವಾದ ಚೌಬಾರಾ, ಬಿಸಿಲು ಇಳಿದ ಮೇಲೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು. ಮರುದಿನ ಗುರುದ್ವಾರ, ಬಹಮನಿಗಳ ನಂತರ ಆಳಿದ ಬರೀದ್ ಶಾಹಿಗಳ ಗೋರಿಗಳು, ನೌಬಾದಿನ ಕರೇಜ್ ಅಂದರೆ ನೆಲದಡಿಯ ನೀರಿನ ಸುರಂಗ, ಕೊನೆಗೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸಗಾರರ ಓಣಿ. ಹೀಗೆ ನೋಡಿದರೆ ಓಡಾಟದ ಸುಸ್ತೂ ಕಡಿಮೆ.

ಕೋಟೆಯೊಳಗೆ ಯಾವುದನ್ನು ಬಿಡಬಾರದು?

ಒಳಗೆ ಹೋಗುವ ಮುಂಚೆ ಕಂದಕ ನೋಡಿ. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮೂರು ಸಾಲು ಕಂದಕ ತೆಗೆದಿದ್ದಾರೆ. ಸಾಲಿನ ನಡುವೆ ಅದೇ ಬಂಡೆಯ ಗೋಡೆಗಳನ್ನು ಉಳಿಸಿಕೊಂಡಿದ್ದಾರೆ. ಬಹಮನಿ ಸುಲ್ತಾನ ಒಂದನೇ ಅಹ್ಮದ್ ಶಾ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಎತ್ತರದ ಜಾಗ, ಅಗೆದರೆ ನೀರು, ಕಡಿದರೆ ಕಲ್ಲು. ಅವನು ಯಾಕೆ ಬಂದ ಅನ್ನುವುದು ಈ ಕಂದಕದ ಅಂಚಲ್ಲಿ ನಿಂತರೆ ಅರ್ಥವಾಗುತ್ತದೆ.

ಒಳಗೆ ಸೋಲಾ ಖಂಬಾ ಮಸೀದಿ ಇದೆ. 1423-24ರಲ್ಲಿ ಕಟ್ಟಿದ್ದು, ಸಾಲು ಸಾಲು ದಪ್ಪ ಕಂಬಗಳು. ಆಮೇಲೆ ತಖ್ತ್ ಮಹಲ್, ದಿವಾನ್-ಎ-ಆಮ್, ಗಗನ್ ಮಹಲ್. ಇವೆಲ್ಲ ಬಹುಪಾಲು ಬರೀ ಗೋಡೆಗಳಾಗಿ ಉಳಿದಿವೆ.

ರಂಗೀನ್ ಮಹಲ್ ಮಾತ್ರ ತಪ್ಪಿಸಬೇಡಿ. ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚಿನ ಅಲಂಕಾರ, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು ಇವೆ. ಬಾಗಿಲಿಗೆ ಬೀಗ ಬಿದ್ದಿರುವುದುಂಟು. ಬೀಗ ಕಂಡ ತಕ್ಷಣ ವಾಪಸ್ ಹೋಗಬೇಡಿ. ಅಲ್ಲಿನ ಪುರಾತತ್ವ ಇಲಾಖೆ ಸಿಬ್ಬಂದಿಯನ್ನು ಕೇಳಿ. ಕಪ್ಪು ಕಲ್ಲಿನ ಮೇಲೆ ಹೊಳೆಯುವ ಆ ಚಿಪ್ಪನ್ನು ನೋಡಿ ಆಮೇಲೆ ಬಿದ್ರಿ ಅಂಗಡಿಗೆ ಹೋದರೆ, ಕಪ್ಪಿನ ಮೇಲೆ ಬಿಳಿ ಹೊಳೆಯಬೇಕು ಅನ್ನುವ ಇಲ್ಲಿನವರ ಆಸೆ ಎಷ್ಟು ಹಳೆಯದು ಅಂತ ತಿಳಿಯುತ್ತದೆ.

ಮದರಸಾ ಅರ್ಧ ಮಾತ್ರ ಉಳಿದಿರುವುದು ಯಾಕೆ?

ಔರಂಗಜೇಬನ ಕಾಲದಲ್ಲಿ ಇಲ್ಲಿ ಮದ್ದಿನಪುಡಿ ಇಟ್ಟಿದ್ದರು. 17ನೇ ಶತಮಾನದ ಕೊನೆಯಲ್ಲಿ ಅದು ಸಿಡಿದು ಮುಂಭಾಗದ ದೊಡ್ಡ ಪಾಲು ಹಾರಿಹೋಯಿತು. ಸಿಡಿಲು ಬಡಿದು ಹಾಗಾಯಿತು ಎನ್ನುತ್ತಾರೆ. ಎರಡು ಮಿನಾರುಗಳಲ್ಲಿ ಒಂದು ನಿಂತಿದೆ. ಅದರ ಮೇಲೆ ನೀಲಿ, ಹಳದಿ, ಹಸಿರು ಹೆಂಚಿನ ತುಂಡುಗಳು ಇವತ್ತಿಗೂ ಅಂಟಿಕೊಂಡಿವೆ.

ಕಟ್ಟಿಸಿದವನು ಮಹಮೂದ್ ಗಾವಾನ್, 1472ರಲ್ಲಿ. ಅವನು ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಿಯಾಗಿ ಬಂದವನು. ಬಹಮನಿಗಳ ದೊಡ್ಡ ಮಂತ್ರಿಯಾದ. ಕೊನೆಗೆ ಸುಳ್ಳು ಪತ್ರದ ಆರೋಪಕ್ಕೆ ಸಿಕ್ಕಿ 1481ರಲ್ಲಿ ಸುಲ್ತಾನನ ಆಜ್ಞೆಯಿಂದ ತಲೆ ಕಳೆದುಕೊಂಡ. ಅದೇ ಕಾಲದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಲು ಒಂದು ಕುದುರೆ ಹಿಡಿದುಕೊಂಡು ಈ ಊರಿಗೆ ಬಂದಿದ್ದ. ಇಲ್ಲಿನ ಸಂತೆ, ಶ್ರೀಮಂತರ ದರ್ಬಾರು, ಬಡವರ ಪಾಡು ಎಲ್ಲವನ್ನೂ ಬರೆದಿಟ್ಟಿದ್ದಾನೆ. ಹೊರಗಿನವರು ಬರುವುದು, ಉಳಿಯುವುದು, ವ್ಯಾಪಾರ ಮಾಡುವುದು ಬೀದರ್‌ಗೆ ಹೊಸದಲ್ಲ.

ಇವತ್ತು ಊರು ನಡೆಯುವುದು ಪ್ರವಾಸಿಗರಿಂದಲೇ?

ಅಲ್ಲ. ಹಾಗಂದುಕೊಂಡು ಅಂಗಡಿ ಹಾಕಿದರೆ ಕೈ ಸುಡುತ್ತದೆ.

ಊರಿನ ಹಣದ ಮೊದಲ ಮೂಲ ಸುತ್ತಲಿನ ಹೊಲಗಳು. ತೊಗರಿ, ಕಡಲೆ, ಹೆಸರು, ಉದ್ದು, ಸೋಯಾ ಎಲ್ಲ ಊರಿನ ಧಾನ್ಯದ ಮಾರುಕಟ್ಟೆಯಾದ ಗಾಂಧಿ ಗಂಜ್‌ಗೆ ಬರುತ್ತವೆ. ಮಾಲು ಬರುವ ಹಂಗಾಮಿನಲ್ಲಿ ಗಂಜ್ ಒಳಗೆ ಸುಮ್ನೆ ಒಂದು ಸುತ್ತು ಹಾಕಿ. ಚೀಲ ಹೊರುವ ಹಮಾಲರು, ಅಡತ್ ಅಂಗಡಿಯವರು, ಲಾರಿ ಚಾಲಕರು, ಅವರಿಗೆ ಚಹಾ ಮಾರುವವರು. ಮಳೆ ಚೆನ್ನಾಗಿ ಆದ ವರ್ಷ ಬಟ್ಟೆ ಅಂಗಡಿ, ಬಂಗಾರದ ಅಂಗಡಿ ಎರಡೂ ತುಂಬಿರುತ್ತವೆ. ಮಳೆ ಕೈಕೊಟ್ಟರೆ ಕೋಟೆಗೆ ಎಷ್ಟು ಜನ ಬಂದರೂ ಆ ಗುಂಡಿ ತುಂಬುವುದಿಲ್ಲ.

ಎರಡನೆಯದು ಓದಲು ಬರುವ ಮಕ್ಕಳು. ಇದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇಲ್ಲಿನ ನಂದಿನಗರದಲ್ಲಿದೆ. ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರಿಂದ ನಡೆಯುತ್ತಿದೆ. ನೀಟ್ ತಯಾರಿಗಂತೂ ಬೇರೆ ರಾಜ್ಯಗಳಿಂದಲೂ ಮಕ್ಕಳು ಬರುತ್ತಾರೆ. ಒಬ್ಬ ವಿದ್ಯಾರ್ಥಿ ವರ್ಷಪೂರ್ತಿ ಬಾಡಿಗೆ, ಮೆಸ್ಸು, ಜೆರಾಕ್ಸು, ಆಟೋ ಅಂತ ಖರ್ಚು ಮಾಡುತ್ತಾನೆ. ನೋಡಲು ಬರುವ ಅಪ್ಪ-ಅಮ್ಮ ಲಾಡ್ಜ್‌ನಲ್ಲಿ ಉಳಿಯುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಊರಿನ ದೊಡ್ಡ ಪ್ರವಾಸಿಗರು ಇವರೇ. ಯಾರೂ ಇವರನ್ನು ಹಾಗೆ ಕರೆಯುವುದಿಲ್ಲ, ಅಷ್ಟೇ.

ಇವೆರಡರ ಜೊತೆಗೆ ಜಿಲ್ಲಾ ಕೇಂದ್ರದ ಕಚೇರಿಗಳು, ವಾಯುಪಡೆಯ ತರಬೇತಿ ನೆಲೆ, ಕೊಳ್ಹಾರ ಕೈಗಾರಿಕಾ ಪ್ರದೇಶ, ಯಾತ್ರಿಕರು. ಕೋಟೆ ನೋಡಲೆಂದೇ ಬರುವವರು ಇವರೆಲ್ಲರ ನಂತರ.

ಹಾಗಾದರೆ ಪ್ರವಾಸಿಗರಿಂದ ಊರಿಗೆ ಸಿಗುವುದೇನು?

ಅವರು ಎಷ್ಟು ಹೊತ್ತು ಇರುತ್ತಾರೆ ಅನ್ನುವುದರ ಮೇಲೆ ಇದೆ. ಹೈದರಾಬಾದಿನ ಟೆಂಪೊ, ಹೈದರಾಬಾದಿನ ಚಾಲಕ, ಡಬ್ಬಿಯಲ್ಲಿ ಮನೆಯ ಪುಳಿಯೋಗರೆ. ಇಂಥ ತಂಡ ಬಂದು ಹೋದರೆ ಊರಿಗೆ ಸಿಗುವುದು ನೀರಿನ ಬಾಟಲಿಯ ಲಾಭ ಮತ್ತು ಖಾಲಿ ಬಾಟಲಿ. ಅದೇ ತಂಡ ರಾತ್ರಿ ಉಳಿದರೆ ಲೆಕ್ಕವೇ ಬೇರೆ. ರೂಮಿನ ಬಾಡಿಗೆ, ರಾತ್ರಿ ಊಟ, ಬೆಳಗಿನ ತಿಂಡಿ, ಎರಡು ಆಟೋ. ಬಿಡುವಿದ್ದರೆ ಒಂದು ಬಿದ್ರಿ ಸಾಮಾನು. ಈ ಹಣ ಅಡುಗೆಯವರು, ಹಾಲಿನವರು, ಬಟ್ಟೆ ಒಗೆಯುವವರು, ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಅಂತ ಊರಿನಲ್ಲೇ ಕೈಯಿಂದ ಕೈಗೆ ಹೋಗುತ್ತದೆ.

ಹಾಗಾಗಿ ಎಷ್ಟು ಲಕ್ಷ ಜನ ಬಂದರು ಅನ್ನುವ ಲೆಕ್ಕಕ್ಕೆ ನಾವು ಅಷ್ಟು ಬೆಲೆ ಕೊಡುವುದಿಲ್ಲ. ಎಷ್ಟು ರೂಮು ತುಂಬಿದವು ಅಂತ ಕೇಳಬೇಕು. ರೂಮು ತುಂಬಬೇಕೆಂದರೆ ಸಂಜೆ ಆರರ ಮೇಲೆ ಮಾಡಲು ಏನಾದರೂ ಇರಬೇಕು. ಈಗ ಅದೇ ಕಡಿಮೆ. 2023ರ ಜನವರಿಯಲ್ಲಿ ಬೀದರ್ ಉತ್ಸವ ನಡೆದಾಗ ಊರು ರಾತ್ರಿಯೂ ಎಚ್ಚರವಿತ್ತು. ಆದರೆ ಉತ್ಸವ ಎರಡು-ಮೂರು ದಿನದ್ದು. ವಾರಕ್ಕೊಂದು ಸಂಜೆ ಚೌಬಾರಾ ಹತ್ತಿರ ಒಂದು ಖವ್ವಾಲಿ, ಒಂದು ವಚನ ಗಾಯನ ಇಟ್ಟರೂ ವರ್ಷಪೂರ್ತಿ ಲಾಭ ಅನ್ನುವುದು ನಮ್ಮ ಅಭಿಪ್ರಾಯ.

ಅಸಲಿ ಬಿದ್ರಿ ಯಾವುದು? ಬೆಲೆ ಯಾಕೆ ಅಷ್ಟು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇವೆ.

ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅದನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರ ಹಾಕಿ ಉಜ್ಜಿ ನಯ ಮಾಡುತ್ತಾರೆ. ಆಗ ಅದು ಬೆಳ್ಳಗಿರುತ್ತದೆ. ಗೀರಿದ ಗೆರೆ ಕಾಣಲಿ ಅಂತ ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಚೂಪು ಉಳಿಯಿಂದ ಕೈಯಲ್ಲೇ ಹೂವು, ಬಳ್ಳಿ ಬರೆಯುತ್ತಾರೆ. ಆ ಗೆರೆಯನ್ನು ಆಳ ಮಾಡಿ, ಅದರೊಳಗೆ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಮತ್ತೆ ಉಜ್ಜಿದರೆ ಕಪ್ಪು ಹೋಗಿ ಇಡೀ ಪಾತ್ರೆ ಬೆಳ್ಳಗಾಗುತ್ತದೆ. ಬೆಳ್ಳಿ ಎಲ್ಲಿ, ಸತು ಎಲ್ಲಿ ಅಂತ ಗೊತ್ತೇ ಆಗುವುದಿಲ್ಲ.

ಕೊನೆಯ ಕೆಲಸ ಮಣ್ಣಿನದು. ಕೋಟೆಯೊಳಗೆ ಮಳೆ, ಬಿಸಿಲು ತಾಗದ ಹಳೆ ಕಟ್ಟಡಗಳ ಮೂಲೆಯಿಂದ ತಂದ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಅಂತ ಹಳೆ ಕೆಲಸಗಾರರು ನಾಲಿಗೆಗೆ ಇಟ್ಟು ನೋಡುತ್ತಾರೆ. ಕಡೆಗೆ ಎಣ್ಣೆ ಒರೆಸಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಈಗ ಬೆಲೆ. ಎರಕದವರು, ಕೆತ್ತನೆಯವರು, ಬೆಳ್ಳಿ ಕೂರಿಸುವವರು ಬೇರೆ ಬೇರೆ. ಎಲ್ಲರ ಕೂಲಿಯೂ ಸೇರುತ್ತದೆ. ಬೆಳ್ಳಿ ದರ ಏರಿದಾಗ ಮೊದಲು ಪೆಟ್ಟು ಬೀಳುವುದು ಇವರಿಗೇ. ಗಿರಾಕಿ ಹಳೆ ಬೆಲೆಯನ್ನೇ ಕೇಳುತ್ತಾನೆ, ಬೆಳ್ಳಿಯವನು ಹೊಸ ಬೆಲೆ ಹೇಳುತ್ತಾನೆ. ನಡುವೆ ಕರಗುವುದು ಕೆಲಸಗಾರನ ಕೂಲಿ. ಬಿದ್ರಿಗೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಎರಡೂ ಖುಷಿಯ ವಿಷಯ. ಆದರೆ ಓಣಿಯಲ್ಲಿ ಕೂತ ಹುಡುಗ ಈ ಕೆಲಸದಲ್ಲೇ ಮುಂದುವರಿಯುತ್ತಾನಾ ಅನ್ನುವುದು ಅವನ ದಿನದ ಕೂಲಿಯ ಮೇಲೆ ನಿಂತಿದೆ.

ಗುರುತು ಹಿಡಿಯುವುದು ಹೀಗೆ. ಅಸಲಿ ಬಿದ್ರಿ ಕೈಗೆ ಭಾರ. ಬಿಳಿ ಗೆರೆಯ ಅಂಚು ಹತ್ತಿರದಿಂದ ನೋಡಿದರೂ ಚೂಪಾಗಿರುತ್ತದೆ. ಉಗುರಿನಿಂದ ಕೆರೆದರೆ ಏಳುವುದಿಲ್ಲ. ಬಣ್ಣ ಬಳಿದದ್ದಾದರೆ ಏಳುತ್ತದೆ. ಬಿಲ್ಲಿನಲ್ಲಿ ಬೆಳ್ಳಿ ಅಂತ ಬರೆಸಿಕೊಳ್ಳಿ. ಸಾಧ್ಯವಾದರೆ ಕೆಲಸ ನಡೆಯುವ ಜಾಗದಲ್ಲೇ ಕೊಳ್ಳಿ. ಚೌಬಾರಾ ಆಸುಪಾಸಿನ ಹಳೆ ಊರಿನಲ್ಲಿ ಸುತ್ತಿಗೆಯ ಸದ್ದು ಹಿಡಿದು ಹೋದರೆ ಸಾಕು. ಚೌಕಾಸಿ ಮಾಡಬಾರದು ಅಂತೇನಿಲ್ಲ. ಆದರೆ ಅರ್ಧ ಬೆಲೆಗೆ ಕೇಳಿ ಮುಖ ಕೆಡಿಸಿಕೊಳ್ಳಬೇಡಿ.

ಕೋಟೆ ಹತ್ತಿರ ನಮ್ಮ ಹಳೆ ಮನೆ ಇದೆ. ಮೇಲೊಂದು ಮಹಡಿ ಎತ್ತಿ ಹೋಂಸ್ಟೇ ಮಾಡಬಹುದಾ?

ಮೊದಲು ಟೇಪು ಹಿಡಿದು ಅಳತೆ ನೋಡಿ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬಹುದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಹೀಗೆ ಹೇಳುತ್ತದೆ. ನಮ್ಮ ಹಳೆ ಊರಿನಲ್ಲಿ ಕೋಟೆ, ಮದರಸಾ ಎರಡೂ ಇರುವುದರಿಂದ ಬಹಳ ಮನೆಗಳು ಈ ಗೆರೆಯೊಳಗೆ ಬರುತ್ತವೆ.

100 ಮೀಟರ್ ಒಳಗಿದ್ದರೆ ಮಹಡಿ ಎತ್ತುವ ಆಸೆ ಬಿಡಿ. ಆದರೆ ಇರುವ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಹೋಂಸ್ಟೇಗೆ ಬೇಕಾದದ್ದೂ ಅದೇ. ದೂರದಿಂದ ಬಂದವನು ಸಿಮೆಂಟಿನ ಮೂರನೇ ಮಹಡಿಯಲ್ಲಿ ಮಲಗಲು ಬರುವುದಿಲ್ಲ. ದಪ್ಪ ಗೋಡೆಯ ತಂಪು ಕೋಣೆ, ನಡುವೆ ಅಂಗಳ, ಶುಚಿಯಾದ ಶೌಚಾಲಯ, ಬಿಸಿನೀರು, ಬೆಳಿಗ್ಗೆ ಬಿಸಿ ರೊಟ್ಟಿ ಇದ್ದರೆ ಎರಡು ಕೋಣೆ ಸಾಕು. ದುಡ್ಡು ಹಾಕುವುದಾದರೆ ಮೊದಲು ಶೌಚಾಲಯಕ್ಕೆ ಹಾಕಿ. ಬಂದವರು ದೂರುವುದು ಅದನ್ನೇ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಅಂತ ನೋಂದಣಿ ಮಾಡಿಸಿಕೊಳ್ಳುವುದನ್ನೂ ಮರೆಯಬೇಡಿ.

ರೈಲು, ವಿಮಾನ ಇದೆಯಾ?

ರೈಲು ಇದೆ. ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಸುಮಾರು 110 ಕಿ.ಮೀ. ಹಾದಿ, ಹುಮನಾಬಾದ್, ಕಮಲಾಪುರ ಮೇಲೆ ಹೋಗುತ್ತದೆ. ಅದಕ್ಕೆ ಮುಂಚೆ ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕೆಂದರೆ ತೆಲಂಗಾಣದ ವಿಕಾರಾಬಾದ್ ಸುತ್ತಿ ಬರಬೇಕಿತ್ತು. ಪಕ್ಕದ ಜಿಲ್ಲೆಗೆ ಪರರಾಜ್ಯ ದಾಟಿ ಹೋಗುವ ಈ ಕಷ್ಟ ಬೆಂಗಳೂರಿನವರಿಗೆ ಹೇಳಿದರೂ ಅರ್ಥವಾಗುತ್ತಿರಲಿಲ್ಲ.

ವಿಮಾನದ್ದು ಬಂದರೆ ಬಂತು ಅನ್ನುವ ಕಥೆ. ವಾಯುಪಡೆ ನೆಲೆಯ ಪಕ್ಕದ ನಾಗರಿಕ ಟರ್ಮಿನಲ್ 2020ರ ಫೆಬ್ರುವರಿಯಲ್ಲಿ ಶುರುವಾಯಿತು. ಬೆಂಗಳೂರಿನ ವಿಮಾನ ಅಲ್ಲಿಂದೀಚೆಗೆ ನಿಂತು ನಿಂತು ಹಾರಿದೆ. ಟಿಕೆಟ್ ಸಿಗುವುದನ್ನು ನೋಡಿಕೊಂಡೇ ರೂಮು ಹಿಡಿಯಿರಿ.

ಕರೇಜ್ ಅಂದರೆ ಏನು? ಒಳಗೆ ಇಳಿಯಬಹುದಾ?

ನೆಲದಡಿಯ ನೀರಿನ ಸುರಂಗ. ಇರಾನಿನ ಕಡೆಯಿಂದ ಬಂದ ತಂತ್ರ, ಬಹಮನಿಗಳ ಕಾಲದ್ದು. ನಮ್ಮಲ್ಲಿ ಸುರಂಗ ಬಾವಿ ಅಂತಲೂ ಕರೆಯುತ್ತಾರೆ. ಬೀದರ್‌ನ ನೆಲದ ಮೇಲ್ಪದರ ಜಂಬಿಟ್ಟಿಗೆ. ಅದು ಮಳೆನೀರನ್ನು ಒಳಗೆ ಬಿಡುತ್ತದೆ. ಕೆಳಗೆ ಗಟ್ಟಿ ಕಪ್ಪುಕಲ್ಲು. ಎರಡೂ ಸೇರುವಲ್ಲಿ ನೀರು ನಿಂತು ಹರಿಯುತ್ತದೆ. ಆ ನೀರನ್ನು ಹಿಡಿದು, ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು ಊರಿನತ್ತ ಹರಿಸಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ. ಮೇಲಿಂದ ಅಲ್ಲಲ್ಲಿ ಬಾವಿಯಂತಹ ಕಿಂಡಿಗಳು ಕಾಣುತ್ತವೆ. ನೌಬಾದಿನಲ್ಲಿ ಹೂಳು ತೆಗೆದ ಮೇಲೆ ಅದು ಎಲ್ಲರ ಗಮನಕ್ಕೆ ಬಂತು. ನೀವಾಗಿಯೇ ಒಳಗೆ ಇಳಿಯಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಕಿಂಡಿಯಿಂದ ನೋಡಿದರೂ ಸಾಕಷ್ಟು ತಿಳಿಯುತ್ತದೆ.

ಊರು ಬೆಳೆಯುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಮೇಲಿನ ಹೊಲಗಳು ಲೇಔಟ್ ಆಗಿ ಕಾಂಕ್ರೀಟ್ ಬಿದ್ದರೆ ನೀರು ಇಂಗುವುದಿಲ್ಲ. ಹತ್ತು ಹೆಜ್ಜೆಗೊಂದು ಬೋರು ಕೊರೆದರೆ ಸುರಂಗಕ್ಕೆ ಬರಬೇಕಾದ ನೀರೂ ಹೋಗುತ್ತದೆ.

ಗುರುದ್ವಾರಕ್ಕೆ ಬೇರೆ ಧರ್ಮದವರು ಹೋಗಬಹುದಾ?

ಧಾರಾಳವಾಗಿ. ತಲೆಗೆ ಬಟ್ಟೆ ಇರಲಿ, ಚಪ್ಪಲಿ ಹೊರಗೆ. ಗುರು ನಾನಕರು ಬಂದಾಗ ಇಲ್ಲಿ ಸಿಹಿನೀರಿನ ಬುಗ್ಗೆ ಹೊಮ್ಮಿತು ಎನ್ನುವ ನಂಬಿಕೆ. ನಾನಕ್ ಝೀರಾ ಸಾಹಿಬ್ ಅನ್ನುವುದು ಈ ಗುರುದ್ವಾರದ ಹೆಸರು. ಗುರು ಗೋವಿಂದ ಸಿಂಗರ ಪಂಚ ಪ್ಯಾರೆಗಳಲ್ಲಿ, ಅಂದರೆ ಐವರು ಪ್ರಿಯ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ನಾಂದೇಡಿನ ಹಜೂರ್ ಸಾಹಿಬ್‌ಗೆ ಬಂದ ಪಂಜಾಬಿನ ಯಾತ್ರಿಕರು ಇಲ್ಲಿಗೂ ಬಂದು ಹೋಗುತ್ತಾರೆ. ಲಂಗರ್‌ನಲ್ಲಿ ಎಲ್ಲರಿಗೂ ಊಟ. ಪಕ್ಕದಲ್ಲಿ ಕೂತವರು ಯಾರು ಅಂತ ಯಾರೂ ಕೇಳುವುದಿಲ್ಲ.

ಅಷ್ಟೂರಿನಲ್ಲಿ ಬರೀ ಗೋರಿಗಳು ತಾನೆ?

ಗೋರಿಗಳೇ. ಆದರೆ ರಾಜಧಾನಿಯನ್ನು ಇಲ್ಲಿಗೆ ತಂದ ಅದೇ ಅಹ್ಮದ್ ಶಾ ವಲಿಯ ಗೋರಿಯ ಒಳಗಿನ ಬಣ್ಣದ ಚಿತ್ತಾರ ನೋಡದೆ ಹೋಗಬೇಡಿ. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವ ತನಕ ಸುಮ್ಮನೆ ನಿಲ್ಲಿ, ಫ್ಲ್ಯಾಶ್ ಹಾಕಬೇಡಿ. ಸುಲ್ತಾನನ ಉರುಸಿಗೆ ಮುಸ್ಲಿಮರ ಜೊತೆ ಲಿಂಗಾಯತರೂ ಬರುತ್ತಾರೆ. ಅವರಿಗೆ ಅವನು ಅಲ್ಲಮಪ್ರಭು. ಜಂಗಮರೊಬ್ಬರು ಮೆರವಣಿಗೆಯಲ್ಲಿ ಬರುವ ಪದ್ಧತಿ ಇವತ್ತಿಗೂ ಇದೆ. ಅಲ್ಲೇ ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನ್ ಶಾನ ಗೋರಿಯ ಗುಮ್ಮಟ ಅರ್ಧ ಸೀಳಿ ಬಿದ್ದಿದೆ. ಇದಕ್ಕೂ ಸಿಡಿಲೇ ಕಾರಣ ಎನ್ನುತ್ತಾರೆ. ಗುಮ್ಮಟ ಕಟ್ಟುವುದು ಹೇಗೆ ಅಂತ ಎಂಜಿನಿಯರಿಂಗ್ ಮಕ್ಕಳು ಅದನ್ನು ನೋಡಿಯೇ ಕಲಿಯಬಹುದು.

ಯಾವ ತಿಂಗಳಲ್ಲಿ ಬರಬೇಕು? ತಿನ್ನಲು ಏನು ಸಿಗುತ್ತದೆ?

ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯದು. ಏಪ್ರಿಲ್, ಮೇ ಬೇಡ, ಕೋಟೆಯ ಕಲ್ಲು ಕಾಯುತ್ತದೆ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಬಂದರೆ, ಪರಿಚಯದವರಿದ್ದರೆ, ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಊಟ ಸಿಗುತ್ತದೆ. ಅದು ಹೋಟೆಲಿನಲ್ಲಿ ಸಿಗುವ ಮಾತಲ್ಲ. ಮಳೆಗಾಲ ಮುಗಿಯುವಾಗ ರಸ್ತೆ ಬದಿ ಸೀತಾಫಲದ ಬುಟ್ಟಿಗಳು. ಉಳಿದ ದಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಿರ್ಚಿ ಭಜಿ. ಬಿರಿಯಾನಿ ಹೇಗೂ ಇದ್ದೇ ಇದೆ.

ಡ್ರೋನ್ ಹಾರಿಸಬಹುದಾ?

ಬೇಡ. ವಾಯುಪಡೆ ನೆಲೆ ಪಕ್ಕದಲ್ಲಿದೆ, ತರಬೇತಿ ವಿಮಾನಗಳು ತಲೆಯ ಮೇಲೇ ಹಾರುತ್ತಿರುತ್ತವೆ.

ಯುನೆಸ್ಕೋ ಪಟ್ಟಿ ಸೇರಿದರೆ ಎಲ್ಲ ಸರಿಹೋಗುತ್ತದಾ?

ಬೀದರ್ ಸದ್ಯ ಇರುವುದು ಸಂಭಾವ್ಯ ಪಟ್ಟಿಯಲ್ಲಿ. 2014ರಲ್ಲಿ ಕಲಬುರಗಿ, ವಿಜಯಪುರ, ಹೈದರಾಬಾದ್ ಜೊತೆ ದಖ್ಖನಿ ಸುಲ್ತಾನರ ಸ್ಮಾರಕಗಳು ಅಂತ ಸೇರಿಸಿದ್ದಾರೆ. ಪೂರ್ತಿ ಮಾನ್ಯತೆ ಸಿಕ್ಕರೆ ಹೆಸರು ಬರುತ್ತದೆ, ಜನ ಬರುತ್ತಾರೆ. ಆದರೆ ಶೌಚಾಲಯ, ಕುಡಿಯುವ ನೀರು, ಕನ್ನಡದಲ್ಲೂ ಇರುವ ಸರಿಯಾದ ಫಲಕಗಳಿಗೆ ಯುನೆಸ್ಕೋ ತನಕ ಕಾಯಬೇಕಾ?

ಬಸವಕಲ್ಯಾಣವನ್ನು ಅದೇ ದಿನ ಸೇರಿಸಬಹುದಾ?

ಸೇರಿಸಬೇಡಿ, ಬೇರೆ ದಿನ ಇಡಿ. ರಸ್ತೆಯಲ್ಲಿ ಸುಮಾರು 80 ಕಿ.ಮೀ. ಕಲ್ಯಾಣ ಚಾಲುಕ್ಯರ ರಾಜಧಾನಿ, ಶರಣರ ಊರು, ಕೋಟೆ, 108 ಅಡಿಯ ಬಸವಣ್ಣನ ಪ್ರತಿಮೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಹೋಗುವಾಗ ಜಲಸಂಗ್ವಿಯಲ್ಲಿ ಇಳಿಯಿರಿ. ಆರನೇ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪ ಅಲ್ಲಿನ ಗುಡಿಯ ಗೋಡೆಯಲ್ಲಿದೆ. ಎರಡನೇ ರಾತ್ರಿಯನ್ನೂ ಜಿಲ್ಲೆಯಲ್ಲೇ ಕಳೆದರೆ ನಮಗೆ ಇನ್ನೂ ಸಂತೋಷ.

ಡಿಗ್ರಿ ಮುಗಿಸಿದ್ದೇನೆ. ಗೈಡ್ ಕೆಲಸದಲ್ಲಿ ಹೊಟ್ಟೆ ತುಂಬುತ್ತದಾ?

ಅದೊಂದರಿಂದಲೇ ವರ್ಷಪೂರ್ತಿ ಕಷ್ಟ. ವಾರದ ಕೊನೆ, ರಜೆ, ಚಳಿಗಾಲ ಬಿಟ್ಟರೆ ಗಿರಾಕಿ ಕಡಿಮೆ. ಬೇರೆ ಕೆಲಸದ ಜೊತೆ ಮಾಡಿ. ನಿಮ್ಮ ಕೈಯಲ್ಲಿ ಒಂದು ಬಂಡವಾಳ ಈಗಾಗಲೇ ಇದೆ: ಬೀದರ್‌ನಲ್ಲಿ ಬೆಳೆದವರಿಗೆ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು ಎಷ್ಟೋ ಕಿವಿಗೆ ಬಿದ್ದಿರುತ್ತದೆ. ಬರುವವರಲ್ಲಿ ಹೆಚ್ಚಿನವರು ಈ ಭಾಷೆಗಳವರೇ. ಯಾವ ಕಟ್ಟಡ ಯಾವ ವರ್ಷದ್ದು ಅಂತ ಗಟ್ಟಿ ಓದಿಕೊಳ್ಳಿ. ಸುಲ್ತಾನನ ರಾಣಿಯರ ಬಗ್ಗೆ ಕಟ್ಟುಕಥೆ ಹೇಳಬೇಡಿ, ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಸಿಕ್ಕಿಬೀಳುತ್ತೀರಿ. ಎಷ್ಟು ಹೊತ್ತಿಗೆ ಎಷ್ಟು ದುಡ್ಡು ಅಂತ ಶುರುವಿನಲ್ಲೇ ಹೇಳಿಬಿಡಿ. ಬೆಳಿಗ್ಗೆ ಕೋಟೆ ತೋರಿಸಿದವರನ್ನು ಸಂಜೆ ಅಷ್ಟೂರಿಗೂ ಒಪ್ಪಿಸಿದರೆ ಅವರು ರಾತ್ರಿ ಇಲ್ಲೇ ಉಳಿಯುತ್ತಾರೆ. ಮರುದಿನದ ಕೆಲಸವೂ ನಿಮ್ಮದೇ.